ಮೂರನೇ ವರ್ಷ ಕೋಡ್ ರಿಪೇರಿ ಮಾಡೋರು ಯಾರು?

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಶಿಕ್ಷಣ ಪುಟದಲ್ಲಿ ಆಗಾಗ 'ಈ ವರ್ಷ ಕಲಿಯಲೇಬೇಕಾದ ಪ್ರೋಗ್ರಾಮಿಂಗ್ ಭಾಷೆಗಳು' ಅಂತ ಒಂದು ಪಟ್ಟಿ ಬರುತ್ತದೆ. ಕೆಲಸ ಹುಡುಕುವ ಹುಡುಗ ಹುಡುಗಿಯರಿಗೆ ಅದು ಬೇಕು, ನನ್ನದೇನೂ ತಕರಾರಿಲ್ಲ. ಆದರೆ ಅದೇ ಪಟ್ಟಿಯನ್ನು ಕೈಯಲ್ಲಿ ಹಿಡಿದು ಒಂದು ಓಪನ್ ಸೋರ್ಸ್ (ಅಂದರೆ ಕೋಡ್ ಎಲ್ಲರಿಗೂ ತೆರೆದಿಟ್ಟ) ತಂತ್ರಾಂಶಕ್ಕೆ ಭಾಷೆ ಆರಿಸಲು ಕೂತರೆ ಏನಾಗುತ್ತದೆ ಅನ್ನೋದನ್ನು ನಮ್ಮ ದಾವಣಗೆರೆಯಲ್ಲೇ ಕಣ್ಣಾರೆ ನೋಡಿದ್ದೇನೆ. ಅದಕ್ಕೇ ಈ ಪತ್ರ. ಉದ್ದ ಆಗುತ್ತದೆ, ಕತ್ತರಿ ನಿಮ್ಮ ಹತ್ತಿರವೇ ಇದೆಯಲ್ಲ.

ಸಂಗತಿ ಇಷ್ಟು. ಇಲ್ಲಿನ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿ ಊರಲ್ಲೇ ಉಳಿದ ಕೆಲವರು, ಬೆಂಗಳೂರಿಗೆ ಹೋಗಿ ಮನೆಯಿಂದಲೇ ಕೆಲಸ ಅಂತ ವಾಪಸ್ ಬಂದ ಕೆಲವರು, ಬಿಸಿಎ ಹುಡುಗರಿಗೆ ಪಾಠ ಮಾಡುವ ಒಬ್ಬ ಮೇಡಂ, ಹೀಗೆ ನಾವು ಒಂದಿಷ್ಟು ಜನ ಸೇರಿ ಹಳ್ಳಿ ಗ್ರಂಥಾಲಯಗಳಿಗೆ ಒಂದು ಚಿಕ್ಕ ತಂತ್ರಾಂಶ ಮಾಡುತ್ತಿದ್ದೇವೆ. ಗ್ರಾಮ ಪಂಚಾಯ್ತಿಯವರು ನಡೆಸುವ ಗ್ರಂಥಾಲಯ, ಈಗ 'ಅರಿವು ಕೇಂದ್ರ' ಅಂತ ಬೋರ್ಡು ಹಾಕಿರುತ್ತಾರಲ್ಲ, ಅವು. ಪುಸ್ತಕದ ಹೆಸರೇನು, ಬರೆದವರು ಯಾರು, ಯಾರು ತಗೊಂಡು ಹೋದರು, ಯಾವಾಗ ವಾಪಸ್ ಕೊಡಬೇಕು. ಇಷ್ಟೇ ಕೆಲಸ. ಎಲ್ಲಾ ಕನ್ನಡದಲ್ಲಿ ಇರಬೇಕು, ಇಂಟರ್ನೆಟ್ ಇಲ್ಲದಿದ್ದರೂ ನಡೆಯಬೇಕು. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ಕೋಡ್ ತೆಗೆದು ನೋಡಬಹುದು, ತಿದ್ದಬಹುದು, ತಿದ್ದಿದ್ದನ್ನು ಬೇರೆಯವರಿಗೂ ಹಂಚಬಹುದು.

'ಅದಕ್ಕೆ ಕೋಹಾ ಇದೆಯಲ್ರೀ' ಅಂತ ಕಾಲೇಜು ಗ್ರಂಥಪಾಲಕರು ತಕ್ಷಣ ಹೇಳುತ್ತಾರೆ. ಇದೆ, ಅದೂ ಓಪನ್ ಸೋರ್ಸೇ, ಒಳ್ಳೆಯ ತಂತ್ರಾಂಶವೇ. ನ್ಯೂಜಿಲೆಂಡಿನ ಒಂದು ಚಿಕ್ಕ ಊರಿನ ಗ್ರಂಥಾಲಯಕ್ಕಾಗಿ 1999ರಲ್ಲಿ ಬರೆಯಲು ಶುರು ಮಾಡಿ 2000ದ ಜನವರಿಯಲ್ಲಿ ಬಳಕೆಗೆ ತಂದಿದ್ದು, ಇವತ್ತು ಜಗತ್ತಿನ ತುಂಬಾ ಇದೆ. ಆದರೆ ಅದಕ್ಕೆ ಲಿನಕ್ಸ್ (ವಿಂಡೋಸ್ ಥರದ್ದೇ, ಓಪನ್ ಸೋರ್ಸ್) ಹಾಕಿದ ಒಂದು ಸರ್ವರ್ ಬೇಕು, ಡೇಟಾಬೇಸ್ ಬೇಕು, ಅದನ್ನು ನೋಡಿಕೊಳ್ಳುವ ಒಬ್ಬ ಮನುಷ್ಯ ಬೇಕು. ಸಾವಿರ ಪುಸ್ತಕ ಇರುವ, ಒಬ್ಬರೇ ಮೇಲ್ವಿಚಾರಕರು ಬಾಗಿಲು ತೆಗೆದು ಕಸ ಗುಡಿಸಿ ಪೇಪರ್ ಜೋಡಿಸುವ ಜಾಗಕ್ಕೆ ಅದು ಭಾರ. ಇನ್ನೊಂದು ಮಾತು: ಕೋಹಾ ಬರೆದಿರುವುದು ಪರ್ಲ್ ಭಾಷೆಯಲ್ಲಿ. ಆ ಕಾಲಕ್ಕೆ ವೆಬ್ ಕೆಲಸಕ್ಕೆ ಪರ್ಲ್ ಅಂದರೆ ಪರ್ಲೇ, ಅವರು ಆರಿಸಿದ್ದು ಸರಿಯಾಗಿಯೇ ಇತ್ತು. ಈಗ ನಮ್ಮ ಊರಿನ ಹುಡುಗರಲ್ಲಿ ಪರ್ಲ್ ಬಲ್ಲವರನ್ನು ತೋರಿಸಿ ನೋಡೋಣ. ನಾನಂತೂ ಕಂಡಿಲ್ಲ.

ಸರಿ, ಹೊಸದಾಗಿ ಬರೆಯೋಣ ಅಂತ ಆಯಿತು. ಯಾವ ಭಾಷೆಯಲ್ಲಿ? ಇಲ್ಲಿಂದ ಶುರುವಾಯಿತು ನೋಡಿ. ಒಬ್ಬ ರಸ್ಟ್ ಅಂದ. ಮೆಮೊರಿ ತಪ್ಪುಗಳೇ ಆಗಲ್ಲ, ಸಿ ಭಾಷೆಯಷ್ಟೇ ವೇಗ, ಲಿನಕ್ಸ್‌ನ ತಿರುಳಾದ ಕರ್ನಲ್ ಒಳಗೇ ಹೋಗಿದೆ ಅಂದ. ನಿಜ, 2022ರ ಡಿಸೆಂಬರಿನಲ್ಲಿ ಬಂದ ಲಿನಕ್ಸ್ 6.1ರಲ್ಲಿ ಅದಕ್ಕೆ ಜಾಗ ಸಿಕ್ಕಿದೆ. ಇನ್ನೊಬ್ಬ ಗೋ ಅಂದ. ಒಂದೇ ಫೈಲು, ಪೆನ್‌ಡ್ರೈವ್‌ನಲ್ಲಿ ಹಾಕಿ ಕೊಟ್ಟರೆ ಮುಗೀತು, ಇನ್‌ಸ್ಟಾಲ್ ಅನ್ನೋ ತಲೆನೋವೇ ಇಲ್ಲ. ಅದೂ ನಿಜವೇ. ಮತ್ತೊಬ್ಬಾಕೆ ಜಾವಾಸ್ಕ್ರಿಪ್ಟ್, ಬ್ರೌಸರ್ ಇದ್ದ ಕಡೆಯೆಲ್ಲಾ ಓಡುತ್ತದೆ. ಮೇಡಂ ಪೈಥಾನ್ ಅಂದರು. ಹಳಬರೊಬ್ಬರು ಪಿಎಚ್‌ಪಿ ಅಂದ ಕೂಡಲೇ ಉಳಿದವರೆಲ್ಲಾ ನಕ್ಕರು.

ನಗೋದೇನು ಬಂತು ಅಂತ ನನಗೆ ಅವತ್ತೂ ಅನಿಸಿತು, ಇವತ್ತೂ ಅನಿಸುತ್ತದೆ. ವಿಕಿಪೀಡಿಯ ಓಡುವ ಮೀಡಿಯಾವಿಕಿ ತಂತ್ರಾಂಶ ಇರುವುದು ಪಿಎಚ್‌ಪಿಯಲ್ಲೇ. 2003ರಿಂದ ಇರುವ ನಮ್ಮ ಕನ್ನಡ ವಿಕಿಪೀಡಿಯವೂ ಅದರ ಮೇಲೇ ನಿಂತಿದೆ. ಅದರಲ್ಲಿ ಹುಡುಕಿ ಪ್ರಾಜೆಕ್ಟ್ ರಿಪೋರ್ಟ್ ಬರೆದ ಹುಡುಗರೇ ಪಿಎಚ್‌ಪಿ ಅಂದರೆ ಮೂಗು ಮುರಿಯುತ್ತಾರೆ.

ಮಾತು ಎಲ್ಲಿಗೆ ಹೋಯಿತು ಅಂದರೆ, ಗ್ರಂಥಾಲಯದ ಹೆಸರೇ ಯಾರ ಬಾಯಲ್ಲೂ ಬರಲಿಲ್ಲ. ಬರೀ ವೇಗ, ವೇಗ ಅಳೆಯುವ ಬೆಂಚ್‌ಮಾರ್ಕ್, ಯಾವ ಕಂಪನಿ ಯಾವುದನ್ನು ಬಳಸುತ್ತದೆ, ಯಾವುದಕ್ಕೆ ಸಂಬಳ ಜಾಸ್ತಿ. ಸಾವಿರ ಪುಸ್ತಕದ ಪಟ್ಟಿಯಲ್ಲಿ ಒಂದು ಹೆಸರು ಹುಡುಕಲು ಯಾವ ಭಾಷೆಯಾದರೇನು ಸ್ವಾಮಿ, ಎಂಟರ್ ಒತ್ತಿ ಬೆರಳು ತೆಗೆಯುವಷ್ಟರಲ್ಲಿ ಉತ್ತರ ಬಂದಿರುತ್ತದೆ. ಪಟ್ಟಿಗಳ ಕಥೆಯೂ ಅಷ್ಟೇ. 2024ರಲ್ಲಿ, ಜನ ತಮ್ಮ ಕೋಡ್ ಇಟ್ಟು ಹಂಚಿಕೊಳ್ಳುವ ಗಿಟ್‌ಹಬ್ ತಾಣದ ಲೆಕ್ಕದಲ್ಲಿ ಪೈಥಾನು ಜಾವಾಸ್ಕ್ರಿಪ್ಟನ್ನು ಹಿಂದೆ ಹಾಕಿ ಮೊದಲ ಸ್ಥಾನಕ್ಕೆ ಬಂತು. ಮರುವರ್ಷವೇ ಟೈಪ್‌ಸ್ಕ್ರಿಪ್ಟ್ ಎರಡನ್ನೂ ದಾಟಿತು. ಇದನ್ನು ನಂಬಿಕೊಂಡು ಹೋದರೆ ವರ್ಷಕ್ಕೊಂದು ಸಲ ಎಲ್ಲಾ ಅಳಿಸಿ ಹೊಸದಾಗಿ ಬರೆಯಬೇಕಾಗುತ್ತದೆ.

ಜಗಳೂರು ಕಡೆ ಬೋರ್‌ವೆಲ್‌ಗೆ ಮೋಟಾರ್ ಕೊಳ್ಳುವ ರೈತರನ್ನು ನೋಡಿದ್ದೀರಲ್ಲ. ಎಷ್ಟು ಎಚ್‌ಪಿ ಅಂತ ಕೇಳುತ್ತಾರೆ, ಸರಿ, ಅದರ ಹಿಂದೆಯೇ 'ಸುಟ್ಟುಹೋದರೆ ರಿವೈಂಡಿಂಗ್ ಮಾಡೋರು ಇಲ್ಲೇ ಸಿಗ್ತಾರಾ' ಅಂತ ಕೇಳುತ್ತಾರೆ. ಓಪನ್ ಸೋರ್ಸ್ ಕೆಲಸಕ್ಕೆ ಭಾಷೆ ಆರಿಸುವಾಗ ಈ ಎರಡನೇ ಪ್ರಶ್ನೆಯೇ ಮೊದಲು ಬರಬೇಕು ಅನ್ನೋದು ನನ್ನ ವಾದ. ಕಂಪನಿಯಾದರೆ ಸಂಬಳ ಕೊಟ್ಟು ಎಲ್ಲಿಂದಲೋ ಜನ ತರುತ್ತಾರೆ. ಇಲ್ಲಿ ಸಂಬಳ ಇಲ್ಲ. ಶುರು ಮಾಡಿದವನಿಗೆ ಮದುವೆ ಆಗುತ್ತದೆ, ಪುಣೆಗೋ ಹೈದರಾಬಾದಿಗೋ ಕೆಲಸ ಸಿಗುತ್ತದೆ, ಎರಡು ವರ್ಷದಲ್ಲಿ ಅವನ ಉತ್ಸಾಹ ಇಳಿದುಹೋಗುತ್ತದೆ. ತಪ್ಪೇನಿಲ್ಲ, ಎಲ್ಲರಿಗೂ ಹೊಟ್ಟೆಪಾಡು. ಮೂರನೇ ವರ್ಷ ಹೊಳಲ್ಕೆರೆಯಿಂದ ಯಾರೋ ಫೋನ್ ಮಾಡಿ 'ಸಾರ್, ಇದು ತೆಗೀತಾ ಇಲ್ಲ' ಅಂದಾಗ ಆ ಕೋಡನ್ನು ತೆರೆದು ಓದಬಲ್ಲವರು ದಾವಣಗೆರೆ, ಚಿತ್ರದುರ್ಗ ಈ ಎರಡು ಜಿಲ್ಲೆಯಲ್ಲಿ ಎಷ್ಟು ಜನ ಇರುತ್ತಾರೆ? ಭಾಷೆ ಆರಿಸುವುದು ಅಂದರೆ ಆ ಜನರನ್ನು ಆರಿಸಿದ ಹಾಗೆ.

ಇದು ದೊಡ್ಡವರಿಗೆ ಚೆನ್ನಾಗಿ ಗೊತ್ತು. ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್, ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್ ತಂತ್ರಾಂಶವನ್ನು 2005ರಲ್ಲಿ ಬರೆದದ್ದು ಸಿ ಭಾಷೆಯಲ್ಲಿ. 2007ರಲ್ಲಿ ಒಬ್ಬರು 'ಸಿ++ ಯಾಕೆ ಬಳಸಲಿಲ್ಲ' ಅಂತ ಕೇಳಿದ್ದಕ್ಕೆ ಆತ ಖಾರವಾಗಿಯೇ ಉತ್ತರ ಕೊಟ್ಟರು. ಸಿ ಆರಿಸಿದ್ದರಿಂದ ಬೇರೆ ಏನೂ ಲಾಭ ಆಗದಿದ್ದರೂ ಸಿ++ ಬರೆಯುವವರು ದೂರ ಉಳಿಯುತ್ತಾರಲ್ಲ, ಅಷ್ಟೇ ಸಾಕು ಅನ್ನೋ ಅರ್ಥದಲ್ಲಿ. ಒರಟು ಮಾತು, ನನಗೆ ಹಿಡಿಸಲ್ಲ. ಆದರೆ ಆತನಿಗೆ ತನ್ನ ಕೆಲಸಕ್ಕೆ ಯಾರು ಬರಬೇಕು, ಯಾರು ಬರಬಾರದು ಅನ್ನೋದು ಸ್ಪಷ್ಟವಾಗಿತ್ತು. ಅಲ್ಲಿ ಬರುವವರು ಸಾವಿರಾರು ಜನ, ಸೋಸಬೇಕು. ನಮ್ಮಲ್ಲಿ ಬರುವವರೇ ಇಲ್ಲ, ಕರೆಯಬೇಕು. ಹಾಗಾಗಿ ಅವರ ಉತ್ತರ ನಮಗೆ ಆಗಿಬರಲ್ಲ, ಅವರ ಲೆಕ್ಕಾಚಾರ ಆಗಿಬರುತ್ತದೆ.

ರಸ್ಟ್ ಪರ ಮಾತಾಡುವವರಿಗೂ ಅನ್ಯಾಯ ಆಗಬಾರದು. ಫಿಶ್ ಅಂತ ಒಂದು ಶೆಲ್ (ಟೈಪ್ ಮಾಡಿ ಕಂಪ್ಯೂಟರಿಗೆ ಆಜ್ಞೆ ಕೊಡುವ ತಂತ್ರಾಂಶ) ಇದೆ, ಲಿನಕ್ಸ್ ಬಳಸುವವರಿಗೆ ಗೊತ್ತಿರುತ್ತದೆ. ಅದು ಸಿ++ನಲ್ಲಿತ್ತು. 2023ರಲ್ಲಿ ಅವರು ಅದನ್ನು ರಸ್ಟ್‌ಗೆ ಬದಲಾಯಿಸಲು ಹೊರಟರು, 2025ರ ಫೆಬ್ರವರಿಯಲ್ಲಿ 4.0 ಆವೃತ್ತಿ ಬಂತು. ಕಾರಣಗಳಲ್ಲಿ ಒಂದು ಏನು ಗೊತ್ತಾ? ಮುಂದೆ ಸಿ++ನಲ್ಲಿ ಕೈಜೋಡಿಸುವವರು ಸಿಗುವುದು ಕಷ್ಟ, ರಸ್ಟ್‌ನಲ್ಲಿ ಹೊಸಬರು ಬರುತ್ತಿದ್ದಾರೆ ಅಂತ. ಅವರ ಬಳಗದಲ್ಲಿ ಅದು ಸರಿ. ಅದೇ ಪ್ರಶ್ನೆಯನ್ನು ವಿದ್ಯಾನಗರದಲ್ಲಿ ನಿಂತು ಕೇಳಿದರೆ ಬೇರೆ ಉತ್ತರ ಬರುತ್ತದೆ, ಅಷ್ಟೇ. ಎರಡು ಭಾಷೆ ಜೊತೆಯಾಗಿ ಇಟ್ಟುಕೊಳ್ಳೋಣ ಅಂತ ರಾಜಿ ಸೂತ್ರ ತರುವವರೂ ಇರುತ್ತಾರೆ. ಲಿನಕ್ಸ್ ಕರ್ನಲ್‌ನಂಥ ಕಡೆಯೇ ಸಿ ಮತ್ತು ರಸ್ಟ್ ಬಳಗಗಳ ತಿಕ್ಕಾಟಕ್ಕೆ ಬೇಸತ್ತು 2024ರಲ್ಲಿ ರಸ್ಟ್ ಭಾಗ ನೋಡಿಕೊಳ್ಳುತ್ತಿದ್ದ ಒಬ್ಬರು ಕೈಬಿಟ್ಟು ಹೊರನಡೆದರು. ಅವರಿಗೇ ಹಾಗಾದರೆ ಭಾನುವಾರ ಮಾತ್ರ ಸೇರುವ ನಮ್ಮಂಥವರ ಗತಿ?

ಈಗ ಕನ್ನಡದ ವಿಷಯಕ್ಕೆ ಬರುತ್ತೇನೆ. ಇದನ್ನು ಯಾವ ಪಟ್ಟಿಯೂ ಹೇಳುವುದಿಲ್ಲ, ಹಾಗಾಗಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

'ಚಿತ್ರದುರ್ಗ' ಅಂತ ಬರೆಯಿರಿ. ಎಷ್ಟು ಅಕ್ಷರ? ಒಂದನೇ ಕ್ಲಾಸಿನ ಮಗುವೂ ಹೇಳುತ್ತದೆ: ಚಿ, ತ್ರ, ದು, ರ್ಗ, ನಾಲ್ಕು. ಪೈಥಾನ್‌ಗೆ ಉದ್ದ ಎಷ್ಟು ಅಂತ ಕೇಳಿ, 10 ಅನ್ನುತ್ತದೆ. ಜಾವಾ, ಜಾವಾಸ್ಕ್ರಿಪ್ಟ್ ಕೂಡ 10. ಗೋ ಮತ್ತು ರಸ್ಟ್ ಸುಮ್ನೆ ಉದ್ದ ಕೇಳಿದರೆ 30 ಅನ್ನುತ್ತವೆ, ಪಿಎಚ್‌ಪಿಯ ಹಳೇ ಫಂಕ್ಷನ್ನೂ 30. ಯಾವುದೂ ಸುಳ್ಳು ಹೇಳುತ್ತಿಲ್ಲ. ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಚ ಒಂದು, ಗುಡಿಸು ಒಂದು, ತ ಒಂದು, ವಿರಾಮ ಒಂದು, ರ ಒಂದು, ಹೀಗೆ ಹತ್ತು ತುಂಡು ಸೇರಿ ಈ ಪದ ಆಗುತ್ತದೆ. ಅದನ್ನು ಕಂಪ್ಯೂಟರಿನಲ್ಲಿ ಇಡುವ ಯುಟಿಎಫ್-8 ಎಂಬ ಪದ್ಧತಿಯಲ್ಲಿ ಕನ್ನಡದ ಪ್ರತಿ ತುಂಡಿಗೂ ಮೂರು ಬೈಟ್ (ಬೈಟ್ ಅಂದರೆ ಕಂಪ್ಯೂಟರಿನಲ್ಲಿ ಜಾಗದ ಅಳತೆ), ಅದಕ್ಕೆ 30. ಒಬ್ಬರು ತುಂಡು ಎಣಿಸುತ್ತಾರೆ, ಇನ್ನೊಬ್ಬರು ಬೈಟ್ ಎಣಿಸುತ್ತಾರೆ, ಅಕ್ಷರ ಎಣಿಸುವವರು ಯಾರೂ ಇಲ್ಲ.

ಇದರಿಂದ ಆಗೋದೇನು? ಪುಸ್ತಕದ ಬೆನ್ನಿಗೆ ಅಂಟಿಸುವ ಚೀಟಿ ಚಿಕ್ಕದು. ಹೆಸರಿನ ಮೊದಲ ನಾಲ್ಕು ಅಕ್ಷರ ಮಾತ್ರ ಅಚ್ಚು ಹಾಕು ಅಂತ ಹೊಸ ಹುಡುಗ ಕೋಡ್ ಬರೆಯುತ್ತಾನೆ. ಇಂಗ್ಲಿಷಿನಲ್ಲಿ ಪರೀಕ್ಷೆ ಮಾಡುತ್ತಾನೆ, ಸರಿಯಾಗಿರುತ್ತದೆ. ಚಿತ್ರದುರ್ಗದ ಇತಿಹಾಸದ ಪುಸ್ತಕಕ್ಕೆ ಚೀಟಿ ತೆಗೆದರೆ ಪೈಥಾನ್‌ನಲ್ಲಿ 'ಚಿತ್' ಅಂತ ಬರುತ್ತದೆ, ಕುಸ್ತಿಯಲ್ಲಿ ಸೋತವರ ಹಾಗೆ ಅಂಗಾತ ಬಿದ್ದುಕೊಂಡು. ಬೈಟ್ ಲೆಕ್ಕದಲ್ಲಿ ಕತ್ತರಿಸುವ ಭಾಷೆಯಾದರೆ 'ಚ' ಬಂದು ಪಕ್ಕದಲ್ಲಿ ಒಂದು ಪ್ರಶ್ನೆ ಚಿಹ್ನೆಯ ಡಬ್ಬಿ ಕೂರುತ್ತದೆ. ಮೊದಲನೆಯದನ್ನು ನೋಡಿದ ಬಿಸಿಎ ಹುಡುಗಿಗೆ ಏನಾಗಿದೆ ಅಂತ ಊಹಿಸಲಾದರೂ ಆಗುತ್ತದೆ, ಒತ್ತಕ್ಷರ ತುಂಡಾಗಿದೆ ಅಂತ. ಎರಡನೆಯದನ್ನು ನೋಡಿದರೆ ಪ್ರಿಂಟರ್ ಕೆಟ್ಟಿದೆ ಅಂದುಕೊಳ್ಳುತ್ತಾಳೆ.

ಅಕಾರಾದಿ ಇನ್ನೂ ಮಜಾ. ಚಿತ್ರದುರ್ಗ ಜಿಲ್ಲೆಯ ತಾಲ್ಲೂಕುಗಳನ್ನು ಜೋಡಿಸು ಅಂದರೆ ಕಂಪ್ಯೂಟರ್ ಹೊಳಲ್ಕೆರೆಯನ್ನು ಮೊದಲು ಹಾಕಿ ಹೊಸದುರ್ಗವನ್ನು ಆಮೇಲೆ ಹಾಕುತ್ತದೆ. ನಮ್ಮ ವರ್ಣಮಾಲೆಯಲ್ಲಿ ಳ ಇರುವುದು ಕಟ್ಟಕಡೆಗೆ, ಹ ಆದ ಮೇಲೆ. ಯೂನಿಕೋಡ್ ಕೋಷ್ಟಕದಲ್ಲಿ ಅದನ್ನು ಲ ಪಕ್ಕದಲ್ಲೇ ಕೂರಿಸಿದ್ದಾರೆ. ಆ ಸಂಖ್ಯೆಯ ಪ್ರಕಾರ ಜೋಡಿಸಿದರೆ ಳ ಮುಂದೆ ನುಗ್ಗುತ್ತದೆ. ಫೋನುಗಳಲ್ಲೆಲ್ಲಾ ಇರುವ ಎಸ್‌ಕ್ಯೂಲೈಟ್ ಡೇಟಾಬೇಸನ್ನೇ ನಾವೂ ಬಳಸುವುದು, ಅದು ಸುಮ್ನೆ ಬಿಟ್ಟರೆ ಬೈಟ್ ನೋಡಿಯೇ ಜೋಡಿಸುತ್ತದೆ. ಗ್ರಂಥಾಲಯದ ಮೇಲ್ವಿಚಾರಕರು ಮೂವತ್ತು ವರ್ಷದಿಂದ ರಿಜಿಸ್ಟರಿನಲ್ಲಿ ಕೈಯಲ್ಲಿ ಬರೆದುಕೊಂಡು ಬಂದವರು, 'ಇದೇನ್ರೀ ನಿಮ್ ಕಂಪ್ಯೂಟರಿಗೆ ಅಆಇಈ ಬರಲ್ವಾ' ಅಂತಾರೆ. ಉತ್ತರ ಕೊಡಿ ನೋಡೋಣ.

ಹುಡುಕುವುದರಲ್ಲೂ ಒಂದು ಕಿತಾಪತಿ ಇದೆ. 'ಹೊ' ಅನ್ನೋದನ್ನು ಎರಡು ರೀತಿಯಲ್ಲಿ ಇಡಬಹುದು: ಒಂದೇ ಸ್ವರಚಿಹ್ನೆಯಾಗಿ, ಇಲ್ಲವೇ ಎ ಕಾರ ಮತ್ತು ಊ ಕಾರ ಎರಡನ್ನೂ ಒಂದರ ಹಿಂದೆ ಒಂದು ಸೇರಿಸಿ. ಕಣ್ಣಿಗೆ ಒಂದೇ ಥರ. ಕಂಪ್ಯೂಟರಿಗೆ ಬೇರೆ ಬೇರೆ. ಹಳೇ ನುಡಿ ಫಾಂಟಿನ ಕಡತಗಳನ್ನು ಯೂನಿಕೋಡ್‌ಗೆ ತಿರುಗಿಸಿ ತಂದ ಪಟ್ಟಿಯಲ್ಲಿ ಒಂದು ಥರ ಇದ್ದು, ನೀವು ಟೈಪ್ ಮಾಡಿದ್ದು ಇನ್ನೊಂದು ಥರ ಆದರೆ ಪುಸ್ತಕ ಎದುರಿಗೇ ಇದ್ದರೂ 'ಸಿಗಲಿಲ್ಲ' ಅಂತ ಬರುತ್ತದೆ. ಎರಡನ್ನೂ ಒಂದೇ ರೂಪಕ್ಕೆ ತರುವ ಸೌಲಭ್ಯ ಪೈಥಾನ್, ಜಾವಾ, ಜಾವಾಸ್ಕ್ರಿಪ್ಟ್ ಜೊತೆಗೇ ಬರುತ್ತದೆ. ರಸ್ಟ್‌ನಲ್ಲಿ, ಗೋನಲ್ಲಿ ಬೇರೆ ಪ್ಯಾಕೇಜ್ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ತರಬೇಕು, ಇದೆ, ಸಿಗುತ್ತದೆ. ಸಿ ಭಾಷೆಯಾದರೆ ಐಸಿಯು ಎಂಬಂಥ ಸಿದ್ಧ ಕೋಡನ್ನು ಜೋಡಿಸಿಕೊಳ್ಳಬೇಕು. ಭಾಷೆಭಾಷೆಯ ಅಕಾರಾದಿ ಕ್ರಮವನ್ನು ಅರಿತಿರುವುದೂ ಈ ಐಸಿಯುವೇ. ಅದು ಸಿ++ ಮತ್ತು ಜಾವಾದಲ್ಲಿ ಬಹಳ ವರ್ಷದಿಂದ ಇದೆ, ರಸ್ಟ್‌ನಲ್ಲಿ ಬರೆದ ಅದರ ಹೊಸ ರೂಪದ 1.0 ಬಂದದ್ದು 2022ರಲ್ಲಿ.

ಇಲ್ಲಿ ಪೈಥಾನ್ ಬಗ್ಗೆಯೂ ಮುಚ್ಚುಮರೆ ಬೇಡ. ಅಕಾರಾದಿ ಸರಿ ಮಾಡುವ ವಿದ್ಯೆ ಅದರ ಜೊತೆ ಬರಲ್ಲ, ಐಸಿಯುವನ್ನು ಅದಕ್ಕೆ ಕೂಡಿಸುವ ಪ್ಯಾಕೇಜನ್ನು ವಿಂಡೋಸ್‌ನಲ್ಲಿ ಹಾಕುವುದು ದೊಡ್ಡ ರಗಳೆ. ನಾವು ಏನು ಮಾಡಿದೆವು ಅಂದರೆ, ಳ ಎಲ್ಲಿ ಬರಬೇಕು, ಅನುಸ್ವಾರ ಎಲ್ಲಿ ಬರಬೇಕು ಅಂತ ಒಂದು ಪುಟದಷ್ಟು ಕೋಡ್ ನಾವೇ ಬರೆದು ಎಸ್‌ಕ್ಯೂಲೈಟ್‌ಗೆ 'ಇನ್ನು ಮೇಲೆ ಹೀಗೆ ಜೋಡಿಸು' ಅಂತ ಹೇಳಿಕೊಟ್ಟೆವು. ಪೈಥಾನ್‌ನಲ್ಲಿ ಅದಕ್ಕೆ ಅವಕಾಶ ಇದೆ. ಪಿಎಚ್‌ಪಿಯಲ್ಲೂ ಇದೆ ಅಂತ ಹಳಬರು ಮೆಲ್ಲಗೆ ನೆನಪಿಸಿದರು. ಆ ಒಂದು ಪುಟವನ್ನು ಕನ್ನಡ ಎಂ.ಎ. ಮಾಡಿದ, ಕಂಪ್ಯೂಟರ್ ಗಂಧವೇ ಇಲ್ಲದ ಸ್ನೇಹಿತರಿಗೆ ತೋರಿಸಿದಾಗ ಅವರು ಪೆನ್ಸಿಲ್ ಹಿಡಿದು 'ಇಲ್ಲಿ ವಿಸರ್ಗ ಬಿಟ್ಟುಹೋಗಿದೆ' ಅಂತ ಗುರುತು ಹಾಕಿಕೊಟ್ಟರು. ನನಗೆ ಪೈಥಾನ್ ಸರಿ ಅನಿಸಿದ್ದು ಆವಾಗ. ಬೆಂಚ್‌ಮಾರ್ಕ್ ನೋಡಿ ಅಲ್ಲ.

ಪೈಥಾನ್‌ನವರೂ ಜನರನ್ನು ಗೋಳಾಡಿಸಿದ್ದಾರೆ. 2008ರ ಡಿಸೆಂಬರಿನಲ್ಲಿ ಪೈಥಾನ್ 3 ಬಂತು, ಹಳೇ ಕೋಡ್ ಹಾಗೇ ಓಡಲ್ಲ ಅಂದರು. ಪೈಥಾನ್ 2ಕ್ಕೆ ಪೂರ್ತಿ ಮಂಗಳ ಹಾಡಿದ್ದು 2020ರ ಜನವರಿ 1ಕ್ಕೆ. ಹನ್ನೊಂದು ವರ್ಷ ಎಳೆದಾಡಿತು. ಬೇರೆ ಊರಿನವರಿಗೆ ಅದು ಬರೀ ಕಿರಿಕಿರಿ, ನಮಗೆ ಅದರಿಂದ ಉಪಕಾರವೇ ಆಗಿದೆ. ಆ ಬದಲಾವಣೆಯ ಮುಖ್ಯ ಕಾರಣಗಳಲ್ಲಿ ಒಂದು ಅಕ್ಷರಗಳನ್ನು ಇಡುವ ರೀತಿ. ಪೈಥಾನ್ 2ರಲ್ಲಿ ಸುಮ್ನೆ 'ಚಿತ್ರದುರ್ಗ' ಅಂತ ಬರೆದು ಉದ್ದ ಕೇಳಿದರೆ 30 ಅನ್ನುತ್ತಿತ್ತು. 3 ಬಂದ ಮೇಲೆ 10 ಆಯಿತು. ನಾಲ್ಕು ಯಾವಾಗ ಆಗುತ್ತದೋ ಆ ಭುವನೇಶ್ವರಿಯೇ ಬಲ್ಲಳು.

ಯಂತ್ರದ ವಿಷಯವೂ ಇದೆ. ಒಂದು ಅರಿವು ಕೇಂದ್ರಕ್ಕೆ ಹೋಗಿ ನೋಡಿದರೆ ಕಂಪ್ಯೂಟರಿಗೆ ಮಗ್ಗದ ಟವೆಲ್ ಹೊದಿಸಿ ಇಟ್ಟಿದ್ದರು, ಒಳಗೆ ವಿಂಡೋಸ್ 7. ಇದರ ಮೇಲೆ ಏನು ಓಡುತ್ತದೆ ಅಂತ ನೋಡುತ್ತಾ ಹೋದರೆ ಒಂದೊಂದೇ ಭಾಷೆ ಜಾರಿಕೊಳ್ಳುತ್ತಾ ಹೋಯಿತು. ಪೈಥಾನ್ 3.8 ಆದ ಮೇಲಿನವು ಅದರಲ್ಲಿ ಕೂರಲ್ಲ, ಆ 3.8ಕ್ಕೂ 2024ರ ಅಕ್ಟೋಬರಿಗೆ ಬೆಂಬಲ ಮುಗಿದಿದೆ. ಗೋ 1.20ಕ್ಕೇ ಕೊನೆ. ರಸ್ಟ್ 2024ರ ಮೇ ತಿಂಗಳಿನ 1.78ರಿಂದ ವಿಂಡೋಸ್ 10 ಬೇಕೇ ಬೇಕು ಅಂದಿದೆ. ಬ್ರೌಸರಿನಲ್ಲೇ ಓಡಿಸೋಣ ಅಂದರೆ ಕ್ರೋಮ್ 109ಕ್ಕೆ ನಿಂತಿದೆ. ಭವಿಷ್ಯದ ಭಾಷೆ, ಭವಿಷ್ಯದ ಭಾಷೆ ಅಂತೀರಲ್ಲ, ಟವೆಲ್ ಹೊದ್ದ ಮೆಷಿನ್ನಿಗೆ ಅವು ಯಾವುವೂ ಹೊಂದಲ್ಲ. ಕೊನೆಗೆ ಅಂಥ ಕಡೆ ಡೆಬಿಯನ್ ಲಿನಕ್ಸ್ ಹಾಕುವುದು ಅಂತ ಆಯಿತು. ನುಡಿಯಲ್ಲಿರುವ ಕಗಪ ಕೀಲಿಮಣೆ ವಿನ್ಯಾಸ ಅದರಲ್ಲೇ ಇದೆ, ಪೈಥಾನ್ ಕೂಡ ಸುಲಭವಾಗಿ ಸಿಗುತ್ತದೆ. ನುಡಿ ಬಳಸಿ ಬೆರಳು ಪಳಗಿದವರಿಗೆ ಅಕ್ಷರ ಹುಡುಕುವ ಕಷ್ಟ ಬರಲಿಲ್ಲ.

'ಈಗ ಎಐ ಇದೆಯಲ್ಲ ಅಂಕಲ್, ಯಾವ ಭಾಷೆಯಲ್ಲಿ ಬೇಕೋ ಅದರಲ್ಲಿ ಬರೆದುಕೊಡುತ್ತೆ, ಭಾಷೆ ಯಾವುದಾದರೇನು' ಅಂತ ಕೇಳುವವರು ಈಗೀಗ ಜಾಸ್ತಿ. ಬರೆದುಕೊಡುತ್ತದೆ, ನಾನೂ ಬಳಸುತ್ತೇನೆ. ಆದರೆ ಓಪನ್ ಸೋರ್ಸ್‌ನಲ್ಲಿ ಬರೆಯುವುದು ಕಾಲು ಭಾಗದ ಕೆಲಸ. ಬೇರೆಯವರು ಕಳಿಸಿದ್ದನ್ನು ಓದಿ, ಇದು ಸರಿ, ಇದು ಬೇಡ, ಇದರಿಂದ ಹಳೇ ಡೇಟಾ ಹಾಳಾಗುತ್ತದೆ ಅಂತ ಹೇಳುವ ಒಬ್ಬ ಮನುಷ್ಯ ಬೇಕು. ಆ ಮನುಷ್ಯನಿಗೆ ಓದಲು ಬಾರದ ಭಾಷೆಯಲ್ಲಿ ಎಐ ಎಷ್ಟು ಚೆನ್ನಾಗಿ ಬರೆದುಕೊಟ್ಟರೂ ಅವನು ಕಣ್ಣು ಮುಚ್ಚಿ ಸಹಿ ಹಾಕಿದ ಹಾಗೆ. ಜನರು ಯಾವ ಪುಸ್ತಕ ಓದುತ್ತಾರೆ ಅನ್ನೋ ವಿವರ ಅದರಲ್ಲಿ ಇರುತ್ತದೆ, ಅದೇನು ಸಣ್ಣ ವಿಷಯ ಅಲ್ಲ.

ಹಾಗಾದರೆ ಓಟು ಹಾಕಿ ಆರಿಸಿದಿರಾ ಅಂತ ಕೇಳಬಹುದು. ಇಲ್ಲ, ಅದು ಬೇಡವೇ ಬೇಡ. ಓಟಿನಲ್ಲಿ ಗೆಲ್ಲುವುದು ಬಂದವರ ಭಾಷೆ, ಮುಂದೆ ದುಡಿಯುವವರ ಭಾಷೆ ಅಲ್ಲ. ಕೈ ಎತ್ತಿದ ಎಷ್ಟೋ ಜನ ಒಂದು ಸಾಲೂ ಬರೆಯಲ್ಲ. ಮೇಡಂ ಒಂದು ಉಪಾಯ ಮಾಡಿದರು. ಯಾವ ಭಾಷೆ ಬೇಕೋ ಅದರಲ್ಲಿ ಒಂದು ಚಿಕ್ಕ ಕೆಲಸ ಮಾಡಿ ತನ್ನಿ: ಆರು ತಾಲ್ಲೂಕಿನ ಹೆಸರನ್ನು ಕನ್ನಡದ ಅಕಾರಾದಿಯಲ್ಲಿ ಜೋಡಿಸಿ, 'ಹೊ'ವನ್ನು ಎರಡು ಥರ ಬರೆದರೂ ಹುಡುಕಿಕೊಡಬೇಕು. ಆಮೇಲೆ ಆ ಕೋಡನ್ನು ಬರೆದವರಲ್ಲದೆ ಬೇರೆಯವರು ಓದಿ ಒಂದು ಬದಲಾವಣೆ ಮಾಡಿ ತೋರಿಸಬೇಕು. ಭಾಷಣ ಮಾಡಿದವರಲ್ಲಿ ಅರ್ಧ ಜನ ಅಲ್ಲೇ ಕರಗಿದರು. ರಸ್ಟ್ ಹುಡುಗ ಮಾಡಿ ತಂದ, ಶಹಬ್ಬಾಸ್, ಅಚ್ಚುಕಟ್ಟಾಗಿತ್ತು. ಆದರೆ ಅದನ್ನು ಬದಲಾಯಿಸಬಲ್ಲವರು ಅವನನ್ನು ಬಿಟ್ಟರೆ ಅಲ್ಲಿ ಯಾರೂ ಇರಲಿಲ್ಲ. ಪೈಥಾನ್‌ನದನ್ನು ಎರಡನೇ ವರ್ಷದ ಬಿಸಿಎ ಹುಡುಗಿ ಮಂಡಕ್ಕಿ ಮಿರ್ಚಿ ಬರುವಷ್ಟರಲ್ಲಿ ತಿದ್ದಿ ಕೊಟ್ಟಳು. ಪೈಥಾನ್ ಅಂತ ತೀರ್ಮಾನ ಆಯಿತು, ಯಾಕೆ ಅಂತ ಒಂದು ಪುಟ ಬರೆದು ಕೋಡ್ ಜೊತೆಗೇ ಇಟ್ಟಿದ್ದೇವೆ. ಹೊಸಬರು ಬಂದು ಮತ್ತೆ ಅದೇ ಜಗಳ ತೆಗೆದರೆ ಆ ಪುಟ ಓದಿ ಅಂತೀವಿ. ರಸ್ಟ್ ಹುಡುಗ ಮುನಿಸಿಕೊಂಡು ಹೋಗಲಿಲ್ಲ, ಬಾರ್‌ಕೋಡ್ ಭಾಗ ಈಗ ಅವನೇ ನೋಡಿಕೊಳ್ಳುತ್ತಾನೆ, ಪೈಥಾನ್‌ನಲ್ಲೇ, ಗೊಣಗುತ್ತಾ.

ಇಂಥದ್ದೇ ಕೆಲಸ ಬೇರೆ ಜಿಲ್ಲೆಯಲ್ಲಿ ಯಾರಾದರೂ ಶುರು ಮಾಡಿದರೆ ಅವರಿಗೆ ಪಿಎಚ್‌ಪಿ ಸರಿ ಬರಬಹುದು, ಜಾವಾ ಸರಿ ಬರಬಹುದು. ನನ್ನ ತಕರಾರು ಭಾಷೆಯ ಮೇಲೆ ಅಲ್ಲ.

ಕಾಲೇಜಿನವರಿಗೆ ಒಂದು ಮಾತು. ಕೊನೇ ವರ್ಷದ ಪ್ರಾಜೆಕ್ಟ್ ಅಂತ ನಮ್ಮ ಹುಡುಗರು ಏನು ಮಾಡುತ್ತಾರೆ ಅನ್ನೋದು ನಿಮಗೂ ಗೊತ್ತು, ನಮಗೂ ಗೊತ್ತು. ಬೆಂಗಳೂರಿನ ಯಾವುದೋ ಗಲ್ಲಿಯಲ್ಲಿ ದುಡ್ಡು ಕೊಟ್ಟರೆ ಕೋಡು, ರಿಪೋರ್ಟು, ವೈವಾದಲ್ಲಿ ಹೇಳಬೇಕಾದ ಉತ್ತರ ಎಲ್ಲಾ ಸೇರಿಸಿ ಕೊಡುತ್ತಾರೆ. ನನ್ನ ಅಕ್ಕನ ಮಗನೇ ಹಾಗೆ ತಂದ. ತಲೆಬರಹದಲ್ಲಿ ಆ ವರ್ಷದ ಹೊಸ ಭಾಷೆ, ಹೊಸ ಪದ ಎಲ್ಲಾ ಇತ್ತು, ವೈವಾ ಮುಗಿದ ಸಂಜೆಗೆ ಅದು ಸತ್ತಿತು. ಇದರ ಬದಲು ಇರುವ ಒಂದು ಓಪನ್ ಸೋರ್ಸ್ ತಂತ್ರಾಂಶದಲ್ಲಿ ಒಂದು ಬಗ್ ಸರಿ ಮಾಡಿ, ಅಲ್ಲಿನವರು ಅದನ್ನು ಒಪ್ಪಿಕೊಂಡಿದ್ದನ್ನು ತೋರಿಸಿದರೆ ಅಂಕ ಕೊಡಿ. ವಿಟಿಯು ಪಠ್ಯದಲ್ಲಿ ಪೈಥಾನ್ ಇದೆ, ಪುಸ್ತಕ ಇದೆ, ಲ್ಯಾಬ್ ಇದೆ. ನಾಲ್ಕು ಜನರ ತಂಡಕ್ಕೆ ಒಂದು ಇಡೀ ಸೆಮಿಸ್ಟರು ಸಾಕಾಗುವಷ್ಟು ಕೆಲಸ ನಮ್ಮಲ್ಲೇ ಬಿದ್ದಿದೆ.

ಉದಾಹರಣೆಗೆ ಒಂದು ಹೇಳುತ್ತೇನೆ. 'ರ‍್ಯಾಂಕ್' ಅಂತ ಬರೆಯುವಾಗ ಕೆಲವರು ರ ಕೆಳಗೆ ಯ ಒತ್ತು ಬರುವ ಹಾಗೆ ನಡುವೆ ಕಣ್ಣಿಗೆ ಕಾಣದ ಒಂದು ಜೋಡಣೆಯ ಗುರುತು ಹಾಕುತ್ತಾರೆ, ಕೆಲವರು ಹಾಕದೆ ಅರ್ಕಾವೊತ್ತಿನಲ್ಲಿ 'ರ್ಯಾಂಕ್' ಅಂತ ಬಿಡುತ್ತಾರೆ. ಮುಂಚೆ ಹೇಳಿದ ಒಂದೇ ರೂಪಕ್ಕೆ ತರುವ ಸೌಲಭ್ಯ ಈ ಗುರುತನ್ನು ಮುಟ್ಟುವುದಿಲ್ಲ. ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳನ್ನು ಹುಡುಕುವ ಹುಡುಗರಿಗೆ ಇದರಿಂದ ಅರ್ಧ ಪುಸ್ತಕ ಕಾಣುವುದಿಲ್ಲ. ಆ ಗುರುತನ್ನು ಸುಮ್ನೆ ಕಿತ್ತುಹಾಕಿ ಹುಡುಕಿದರೆ ಸಾಲದು, ತೋರಿಸುವಾಗ ಬರೆದವರು ಬರೆದ ಹಾಗೇ ತೋರಿಸಬೇಕು. ದೂರು ಮೊಳಕಾಲ್ಮೂರಿನ ಕಡೆಯಿಂದ ಬಂದಿದೆ, ಇನ್ನೂ ಯಾರೂ ಕೈ ಹಾಕಿಲ್ಲ. ಪೈಥಾನ್ ಬಲ್ಲ ನಿಮ್ಮ ಓದುಗರು ಯಾರಾದರೂ ಮಾಡುವುದಾದರೆ ಭಾನುವಾರ ಬೆಳಿಗ್ಗೆ ನಾವು ಸೇರಿರುತ್ತೇವೆ, ಮೇಡಂ ಲ್ಯಾಬ್ ಬೀಗ ತೆಗೆಸಿರುತ್ತಾರೆ.

ಇತಿ,
ನಿಮ್ಮ ಓದುಗ,
ವಿದ್ಯಾನಗರ, ದಾವಣಗೆರೆ